ಎಲೆಯಲ್ಲಿ ಉಳಿದ ಮುದ್ದೆ

ವರಲಕ್ಷ್ಮಮ್ಮ ಮುದ್ದೆಯನ್ನು ಅಗಿದು ತಿನ್ನುತ್ತಾಳೆ ಎಂಬ ಸುದ್ದಿ ಕೂಟಗಲ್ಲಿನಲ್ಲಿ ಹಬ್ಬಿದಾಗ ಮೊದಲು ಯಾರೂ ನಂಬಲಿಲ್ಲ. ಬೇರೆ ಸೀಮೆಯಿಂದ ವರ್ಗವಾಗಿ ಬಂದ ಬ್ಯಾಂಕಿನವರು ಅಗಿಯುತ್ತಾರೆ, ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡು ಮುಖ ಹಿಂಡುತ್ತಾರೆ. ಈ ಕಡೆ ಹುಟ್ಟಿದವರಿಗೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಕ್ಕನೆ ನುಂಗುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥದ್ದರಲ್ಲಿ, ಒಂದು ಕಾಲಕ್ಕೆ ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಎಲೆಯಲ್ಲಿ ಜಾಗ ಮಾಡುತ್ತಿದ್ದ ಹೆಂಗಸು ಈಗ ಗೋಲಿಯಷ್ಟು ಹಿಟ್ಟು ಬಾಯಿಗಿಟ್ಟುಕೊಂಡು ಎಮ್ಮೆ ಮೆಲುಕು ಹಾಕಿದ ಹಾಗೆ ಮೆಲ್ಲುತ್ತಾಳೆಂದರೆ ಒಳಗೆ ಏನೋ ದೊಡ್ಡದೇ ಇರಬೇಕು ಎಂದು ಜನ ತೀರ್ಮಾನಿಸಿದರು. ಸುದ್ದಿ ಹೊರಗೆ ಬಿಟ್ಟವಳು ಬೇರೆ ಯಾರೂ ಅಲ್ಲ, ಮನೆಯೊಳಗೇ ಇದ್ದ ಅತ್ತೆ ಮಾರಕ್ಕ. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೊಸೆ ಉಣ್ಣುವುದನ್ನು ನೋಡಿ ನೋಡಿ ಅವಳಿಗೆ ಸಂಕಟವಾಗಿತ್ತು, ಪಕ್ಕದ ಮನೆಯವರ ಮುಂದೆ ತೋಡಿಕೊಂಡಿದ್ದಳು.

ನಿಜ ಸಂಗತಿ ಮಾರಕ್ಕನಿಗೂ ಗೊತ್ತಿರಲಿಲ್ಲ. ಏಳು ವರ್ಷದ ಹಿಂದೆ ವರಲಕ್ಷ್ಮಮ್ಮ ನೂರಿಪ್ಪತ್ತು ಕೆಜಿ ಇದ್ದಳು. ಪ್ರೈಮರಿ ಶಾಲೆಯ ಟೀಚರು, ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಕುರ್ಚಿ ಹುಡುಕುತ್ತಿದ್ದಳು. ಸಕ್ಕರೆ ಕಾಯಿಲೆ, ಬಿಪಿ, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಬೆಂಗಳೂರಿನ ಡಾಕ್ಟರು ಹೊಟ್ಟೆಯನ್ನು ಕತ್ತರಿಸಿ ಲಿಂಬೆಹಣ್ಣಿನಷ್ಟು ಚೀಲ ಉಳಿಸಿ, ಅದಕ್ಕೆ ಕರುಳು ಜೋಡಿಸಿ ಕಳಿಸಿದರು. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದ ಗಂಡ ಮುನಿಶಾಮಯ್ಯ ಮಾತ್ರ ನೆಂಟರಿಗೆಲ್ಲ ಪಿತ್ತಕೋಶದಲ್ಲಿ ಕಲ್ಲಿತ್ತು, ತೆಗೆಸಿದೆವು ಎಂದ. ಉಂಡು ಉಂಡು ದಪ್ಪಗಾಗಿ ಆಮೇಲೆ ಹೊಟ್ಟೆ ಕುಯ್ಸಿಕೊಂಡಳು ಎಂದರೆ ಜನ ಬಿದ್ದು ಬಿದ್ದು ನಗುತ್ತಾರೆ ಎಂಬುದು ಅವನ ಲೆಕ್ಕ. ಅರೆ ಪ್ರಜ್ಞೆಯಲ್ಲಿದ್ದ ವರಲಕ್ಷ್ಮಮ್ಮ ಹೂಂ ಎಂದಿದ್ದಳು. ಆ ಒಂದು ಹೂಂ ಬಿಸಿ ತುಪ್ಪವಾಗಿ ಕೂತಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಕಲ್ಲು ತೆಗೆಸಿದವಳು ವರ್ಷದೊಳಗೆ ಅರ್ಧ ಆಳಾದರೆ ಜನ ಏನೆಂದುಕೊಳ್ಳಬೇಕು? ಕೂದಲು ಬಾಚಣಿಗೆಗೆ ಹಿಡಿಹಿಡಿಯಾಗಿ ಬಂತು. ತೋಳಿನ ಚರ್ಮ ಜೋತುಬಿತ್ತು, ಬೇಸಿಗೆಯಲ್ಲೂ ಅವಳು ಉದ್ದ ತೋಳಿನ ರವಿಕೆ ಬಿಡಲಿಲ್ಲ. ತಿಂಗಳಿಗೊಂದು ಇಂಜೆಕ್ಷನ್, ಆಗಾಗ ಕಬ್ಬಿಣದಂಶದ ಡ್ರಿಪ್ಪು, ಮೂಳೆಗೊಂದು ಮಾತ್ರೆ, ಎಲ್ಲ ಸಾಯುವ ತನಕ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ. ಸಿಹಿ ಬಾಯಿಗಿಟ್ಟರೆ ಸೀದಾ ಕರುಳಿಗಿಳಿದು ಎದೆ ಡವಡವ ಹೊಡೆದು, ಬೆವರು ಕಿತ್ತು, ಕಣ್ಣು ಕತ್ತಲಿಟ್ಟುಬಿಡುತ್ತದೆ. ಇಷ್ಟೆಲ್ಲ ಮಾಡಿಯೂ ಹೋದ ವರ್ಷದಿಂದ ತೂಕ ಹೊರಗಿನವರ ಕಣ್ಣಿಗೆ ಕಾಣದ ಹಾಗೆ ಅರ್ಧರ್ಧ ಕೆಜಿ ಕದ್ದು ಕದ್ದು ಏರುತ್ತಿತ್ತು. ಅದಕ್ಕೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಉಪವಾಸದ ಕಷ್ಟವನ್ನೂ ಅನುಭವಿಸಿ, ಉಂಡವಳ ತೂಕವನ್ನೂ ಹೊರುವುದೆಂದರೆ ಯಾವ ನ್ಯಾಯ?

ಮಗಳು ರಂಜಿತಾಳಿಗೆ ಗಂಡು ಗೊತ್ತಾಗುವ ತನಕ ಈ ಸಿಟ್ಟು ಮನೆಯೊಳಗೇ ಇತ್ತು. ಹುಡುಗ ಮಧುಸೂದನ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರು, ರಂಜಿತಾ ರಾಮನಗರದಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿ, ಅದನ್ನು ದೊಡ್ಡವರ ಬಾಯಿಂದ ಹೇಳಿಸಲು ಕಾಯುತ್ತಿದ್ದರು. ಅಷ್ಟರಲ್ಲಿ ಹೆಣ್ಣಿನ ತಾಯಿಗೆ ಏನೋ ಸವೆಯುವ ರೋಗವಂತೆ ಎಂಬ ಮಾತು ಕನಕಪುರದ ಆಚೆಗಿದ್ದ ಗಂಡಿನ ಊರನ್ನೂ ತಲುಪಿತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? ಹುಡುಗನ ತಂದೆ ಅಂಕಯ್ಯ ಏನೂ ಕೇಳಲಿಲ್ಲ. ಭಾನುವಾರ ಮನೆ ನೋಡಲು ಬನ್ನಿ, ಟೀಚರಮ್ಮನವರನ್ನು ಕರೆದುಕೊಂಡೇ ಬನ್ನಿ ಎಂದು ಫೋನು ಮಾಡಿದರು.

ಮನೆ ನೋಡುವುದೆಂದರೆ ಗೋಡೆ ಸೂರು ನೋಡುವುದಲ್ಲ, ಅಲ್ಲಿ ಉಣ್ಣುವುದು. ಹೆಣ್ಣಿನ ಕಡೆಯವರು ಎಲೆ ಖಾಲಿ ಮಾಡಿ ಎದ್ದರೆ ಒಪ್ಪಿದ ಹಾಗೆ, ಎಲೆಯಲ್ಲಿ ಬಿಟ್ಟು ಎದ್ದರೆ ಮನಸ್ಸಿಲ್ಲ ಎಂದ ಹಾಗೆ. ಬೇಡ ಎಂದು ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಿಸಲು ಹಿಂದಿನವರು ಮಾಡಿಟ್ಟ ಉಪಾಯ ಅದು. ಹಿಂದಿನವರಿಗೆ ಲಿಂಬೆಹಣ್ಣಿನಷ್ಟು ಹೊಟ್ಟೆಯ ಬೀಗಿತ್ತಿಯರು ಇರಲಿಲ್ಲ, ಅವರಿಗೇನು ಗೊತ್ತು.

ಹೊರಡುವಾಗ, ಮನೆಯಲ್ಲೇ ಉಳಿಯಬೇಕಿದ್ದ ರಂಜಿತಾ ಅಮ್ಮನ ಸೆರಗನ್ನು ತೋಳಿನ ಮೇಲೆ ಸರಿಯಾಗಿ ಹೊದಿಸಿದಳು. ತಿನ್ನೋಕಾಗದಿದ್ದರೆ ಬೇಡಮ್ಮ ಎಂದು ಬಾಯಲ್ಲಿ ಹೇಳಿದಳು, ಆದರೆ ಅವಳ ಕಣ್ಣು ಬೇರೆಯದನ್ನೇ ಬೇಡುತ್ತಿತ್ತು. ಕಾರು ರಾಮನಗರ ದಾಟಿದ ಮೇಲೆ ಮುನಿಶಾಮಯ್ಯ ಶುರುಮಾಡಿದ.

"ಒಂದು ದಿನ ಕಣೆ. ಒಂದೇ ಒಂದು ಮುದ್ದೆ. ಮಗಳ ಮೊಕ ನೋಡ್ಕಂಡು ನುಂಗ್ಬುಡು."

"ನುಂಗಿದ್ರೆ ಎದೇಲೇ ನಿಲ್ತದೆ ಅಂತ ನಿಮಗೆ ಗೊತ್ತಿಲ್ವಾ?"

ಅವನಿಗೆ ಗೊತ್ತಿತ್ತು. ಬಚ್ಚಲುಮನೆಯಲ್ಲಿ ಎಷ್ಟು ಸಲ ಅವಳ ತಲೆ ಹಿಡಿದುಕೊಂಡು ನಿಂತಿದ್ದ. ಆದರೂ ಕಿಟಕಿಯ ಕಡೆ ತಿರುಗಿದ. ಏಳು ವರ್ಷದಿಂದ ಇವರ ಸುಳ್ಳನ್ನು ನುಂಗುತ್ತಿದ್ದೇನೆ, ಇವತ್ತು ಮುದ್ದೆಯನ್ನೂ ನುಂಗಬೇಕಂತೆ ಎಂದು ವರಲಕ್ಷ್ಮಮ್ಮನಿಗೆ ಮೈ ಉರಿದುಹೋಯಿತು.

ಅಂಕಯ್ಯನ ಹೆಂಡತಿ ಕಾವೇರಮ್ಮ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ಬೀಗಿತ್ತಿಯಾಗುವವಳ ಕುತ್ತಿಗೆಯ ಮೂಳೆ ನೋಡಿ ಅವಳ ಮುಖ ಸಣ್ಣಗಾಯಿತು, ವರಲಕ್ಷ್ಮಮ್ಮನ ಕೈಗೆ ಒಂದು ದೊಡ್ಡ ಲೋಟ ಗಸಗಸೆ ಪಾಯಸ ಬಂತು. ಸುಸ್ತಾಗಿದ್ದೀರಿ, ಬೆಲ್ಲ ಒಂದು ಹಿಡಿ ಜಾಸ್ತಿ ಹಾಕಿದ್ದೇನೆ, ತ್ರಾಣ ಬರುತ್ತದೆ ಎಂದಳು. ಪ್ರೀತಿಯಿಂದ ಕೊಟ್ಟ ವಿಷ ಎಂದರೆ ಇದೇ. ಶಾಸ್ತ್ರದ ಪಾಯಸ, ಬೇಡ ಎನ್ನುವ ಹಾಗಿಲ್ಲ. ವರಲಕ್ಷ್ಮಮ್ಮ ನಾಲ್ಕು ಗುಟುಕು ಕುಡಿದು ಲೋಟವನ್ನು ಗಂಡನ ಕಡೆ ಸರಿಸಿದಳು.

ಅಂಕಯ್ಯ ಮನೆ ತೋರಿಸಿದರು. ರೇಷ್ಮೆ ಹುಳು ಸಾಕುವ ಕೋಣೆ, ದೇವರ ಗೂಡು, ಮಗನಿಗೆಂದು ಹೊಸದಾಗಿ ಕಟ್ಟಿಸಿದ ರೂಮು. ಅಡುಗೆಮನೆಯ ಪಕ್ಕದ ಒಂದು ಬಾಗಿಲು ಮಾತ್ರ ಮುಚ್ಚಿತ್ತು. ಅಲ್ಲಿ ಸಾಮಾನು ತುಂಬಿದೆ ಎಂದು ಅಂಕಯ್ಯ ದಾಟಿಹೋದರು. ಒಳಗಿನಿಂದ ಬಳೆಯ ಸದ್ದು ಬಂದ ಹಾಗಾಯಿತು. ಅದನ್ನು ಯೋಚಿಸುವ ಸ್ಥಿತಿಯಲ್ಲಿ ವರಲಕ್ಷ್ಮಮ್ಮ ಇರಲಿಲ್ಲ. ಪಾಯಸ ಕೆಲಸ ಶುರುಮಾಡಿತ್ತು. ಎದೆ ಹೊಡೆದುಕೊಂಡಿತು, ಬೆನ್ನು ಬೆವರಿನಲ್ಲಿ ತೊಯ್ದಿತು. ಮಾಗಿಯ ಚಳಿಯಲ್ಲಿ ಸೆಕೆ ಸೆಕೆ ಎಂದು ಸೆರಗಿನಿಂದ ಗಾಳಿ ಹಾಕಿಕೊಂಡವಳನ್ನು ಗಮನಿಸಿ ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಷ್ಟರಲ್ಲಿ ಎಲೆ ಹಾಕಿದರು. ಹಿತಕಿದ ಅವರೆಕಾಳಿನ ಸಾರು, ಅದರ ಸೊಗಡು ಹಜಾರಕ್ಕೆಲ್ಲ ಹರಡಿತ್ತು. ಪಂಕ್ತಿಯಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಎದುರಿಗೆ. ಕಾವೇರಮ್ಮ ಎಲ್ಲರಿಗಿಂತ ದೊಡ್ಡ ಮುದ್ದೆಯನ್ನು ವರಲಕ್ಷ್ಮಮ್ಮನ ಎಲೆಗೆ ಹಾಕಿ, ನಡುವೆ ಗುಳಿ ಮಾಡಿ ತುಪ್ಪ ಸುರಿದಳು. ಎದುರಿನ ಸಾಲಿನಿಂದ ಮುನಿಶಾಮಯ್ಯ ನೋಡುತ್ತಿದ್ದ. ಅಂಕಯ್ಯ ನೋಡುತ್ತಿದ್ದರು. ಇಡೀ ಪಂಕ್ತಿ ತಾನು ಉಣ್ಣುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತಿತ್ತು.

ಅವಳು ದೊಡ್ಡ ತುತ್ತು ಮುರಿದಳು, ಸಾರಿನಲ್ಲಿ ಹೊರಳಿಸಿದಳು, ನುಂಗಿದಳು. ಆಹಾ ಎನಿಸಿತು. ಬಿಸಿ ಹಿಟ್ಟು ಗಂಟಲಲ್ಲಿ ಜಾರಿದ ಆ ಒಂದು ಕ್ಷಣ ಅವಳು ಏಳು ವರ್ಷ ಚಿಕ್ಕವಳಾದಳು. ಆಸೆ ತಡೆಯಲಿಲ್ಲ, ಯಾರೂ ಒತ್ತಾಯ ಮಾಡದೆ ಇನ್ನೊಂದು ತುತ್ತನ್ನೂ ನುಂಗಿದಳು. ಅದು ಎದೆಯ ನಡುವೆ ನಿಂತಿತು. ಮೊದಲು ಒತ್ತಿತು, ಆಮೇಲೆ ಕಲ್ಲು ಇಟ್ಟ ಹಾಗೆ ನೋವು, ಬಾಯಿ ತುಂಬ ನೊರೆ. ತಡೆದುಕೊಂಡಳು, ಮಗಳನ್ನು ನೆನೆಸಿಕೊಂಡು ನಗಲು ನೋಡಿದಳು. ಆಗಲಿಲ್ಲ. ಪಂಕ್ತಿಯ ನಡುವಿನಿಂದ ಎದ್ದು, ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದಳು.

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಎಲ್ಲ ಹೊರಗೆ ಬಂದ ಮೇಲೆ ತಲೆ ಎತ್ತಿದರೆ ಕಾವೇರಮ್ಮ ಚೊಂಬು ಹಿಡಿದು ನಿಂತಿದ್ದಳು. ನೀರು ಕೊಟ್ಟಳು, ಬೆನ್ನು ನೀವಿದಳು, ಆಮೇಲೆ ಕೇಳಿದಳು.

"ಟೀಚರಮ್ಮ, ಮುಚ್ಚುಮರೆ ಬ್ಯಾಡ. ನಿಮಗೆ ಏನು ಕಾಯ್ಲೆ ಐತೆ? ನಾಳೆ ನಿಮ್ಮ ಮಗಳಿಗೂ ಬತ್ತದಾ? ನಾನೂ ಹೆತ್ತೋಳು, ಕೇಳ್ಬೇಕಲ್ವಾ."

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ್ದಕ್ಕೇ ವರಲಕ್ಷ್ಮಮ್ಮನಿಗೆ ರೇಗಿತು. ಗಂಡನ ಮೇಲೆ, ಡಾಕ್ಟರ ಮೇಲೆ, ಹಿಂದಿನವರ ಶಾಸ್ತ್ರದ ಮೇಲೆ, ಎರಡನೇ ತುತ್ತಿಗೆ ಕೈ ಹಾಕಿದ ತನ್ನ ಮೇಲೆ. ಸೆರಗು ಸರಿಸಿ, ರವಿಕೆಯ ತೋಳನ್ನು ಮೇಲಕ್ಕೆಳೆದು ಜೋತುಬಿದ್ದ ಚರ್ಮ ತೋರಿಸಿದಳು.

"ಕಾಯ್ಲೆ ಇಲ್ಲ, ಕಲ್ಲೂ ಇರ್ಲಿಲ್ಲ. ನೂರಿಪ್ಪತ್ತು ಕೆಜಿ ಇದ್ದೆ, ಹೊಟ್ಟೆ ಕುಯ್ಸಿ ಸಣ್ಣ ಮಾಡಿಸ್ಕೊಂಡೆ. ದಪ್ಪ ಇದ್ದಾಗ ಬಸ್ಸಲ್ಲಿ ಎರಡು ಟಿಕೆಟ್ ತಗೊ ಅಂತ ನಗ್ತಿದ್ರು. ಸಣ್ಣ ಆದ್ರೆ ಯಾವ ರೋಗ ಅಂತಾರೆ. ನಾನು ಹೆಂಗಿದ್ರೆ ನಿಮಗೆಲ್ಲ ಸರಿ, ಅದನ್ನಾದ್ರೂ ಹೇಳಿ."

ಕಾವೇರಮ್ಮ ಬಹಳ ಹೊತ್ತು ಆ ತೋಳನ್ನೇ ನೋಡಿದಳು. ಸಂಬಂಧ ಇಲ್ಲಿಗೆ ಮುಗಿಯಿತು ಎಂದುಕೊಂಡು ವರಲಕ್ಷ್ಮಮ್ಮ ರವಿಕೆ ಸರಿಮಾಡಿಕೊಂಡಳು. ಕಾವೇರಮ್ಮ ಅವಳ ಕೈ ಹಿಡಿದು, ಹಿತ್ತಲ ಬಾಗಿಲಿನಿಂದ ಅಡುಗೆಮನೆ ದಾಟಿಸಿ, ಆ ಮುಚ್ಚಿದ ಬಾಗಿಲನ್ನು ತೆರೆದಳು.

ಒಳಗೆ ಮಂಚದ ಮೇಲೆ ಮೂವತ್ತರ ಆಜುಬಾಜಿನ ಹೆಣ್ಣುಮಗಳೊಬ್ಬಳು ತಟ್ಟೆ ಹಿಡಿದು ಕೂತಿದ್ದಳು. ವರಲಕ್ಷ್ಮಮ್ಮ ಹಿಂದೆ ಇದ್ದದ್ದಕ್ಕಿಂತಲೂ ದಪ್ಪ. ಕೂತಲ್ಲೇ ಏದುಸಿರು ಬಿಡುತ್ತಿದ್ದಳು. ಮಧುಸೂದನನ ಅಕ್ಕ, ಸುಮಿತ್ರಾ. ಇಂಥ ಅಕ್ಕನೊಬ್ಬಳು ಇದ್ದಾಳೆಂದು ಯಾರೂ ಹೇಳಿರಲಿಲ್ಲ.

"ನೀವು ಬತ್ತೀರಿ ಅಂತ ಒಳಗೆ ಕೂರ್ಸಿದ್ದೆ" ಎಂದಳು ಕಾವೇರಮ್ಮ, ನೆಲ ನೋಡುತ್ತ. ಆಮೇಲೆ ಮಗಳಿಗೆ ಹೇಳಿದಳು, "ನೀನು ಫೋನಲ್ಲಿ ನೋಡ್ತಿರ್ತೀಯಲ್ಲ ಆಪರೇಷನ್ನು, ಇವ್ರು ಮಾಡ್ಸ್ಕಂಡವ್ರೆ ಕಣವ್ವ."

ಸುಮಿತ್ರಾ ತಟ್ಟೆ ಕೆಳಗಿಟ್ಟಳು.

"ಮಾಡಿಸ್ಕೊಂಡಿದ್ದು ಒಳ್ಳೇದಾಯ್ತಾ ಆಂಟಿ?"

ಏಳು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಕೆಜಿ ಕೇಳುತ್ತಿದ್ದರು, ನೆಂಟರು ರೋಗ ಕೇಳುತ್ತಿದ್ದರು, ಗಂಡ ಏನನ್ನೂ ಕೇಳುತ್ತಿರಲಿಲ್ಲ. ವರಲಕ್ಷ್ಮಮ್ಮ ಮಂಚದ ಅಂಚಿನಲ್ಲಿ ಕೂತಳು. ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಇಲ್ಲ ಎನ್ನಲಾಗಲಿಲ್ಲ.

"ಆಯ್ತು. ಮಾಡಿಸ್ದೆ ಇದ್ದಿದ್ರೆ ಇಷ್ಟೊತ್ತಿಗೆ ಗೋಡೆ ಮೇಲೆ ಫೋಟೊ ಆಗಿರ್ತಿದ್ದೆ. ಸಕ್ಕರೆ ಹಿಡಿತಕ್ಕೆ ಬಂತು, ಮೆಟ್ಲು ಹತ್ತೀನಿ. ಆದ್ರೆ ಡಾಕ್ಟ್ರು ಕುಯ್ದಿದ್ದು ಹೊಟ್ಟೆನ ಮಾತ್ರ, ಆಸೆ ಹಂಗೇ ಅದೆ. ದಿನಾ ಅದರ ಜೊತೆ ಜಗಳ, ಸಾಯೋಗಂಟ. ನಿನ್ನ ಜೀವಕ್ಕೆ ಬೇಕಾದ್ರೆ ಮಾಡಿಸ್ಕೊ. ಜನಕ್ಕೋಸ್ಕರ ಬೇಡ. ಜನ ಆಮೇಲೂ ಬಿಡಲ್ಲ."

ಹಜಾರದಿಂದ ಅಂಕಯ್ಯ ಕೆಮ್ಮಿದ್ದು ಕೇಳಿಸಿತು. ಬೀಗಿತ್ತಿ ಎದ್ದುಹೋದ ಮೇಲೆ ಉಳಿದವರು ಏಳುವ ಹಾಗೂ ಇಲ್ಲ, ಉಣ್ಣುವ ಹಾಗೂ ಇಲ್ಲ. ಪಂಕ್ತಿಯಲ್ಲಿ ಎಲ್ಲರ ಎಂಜಲು ಕೈ ಒಣಗುತ್ತಿತ್ತು. ಸುಮಿತ್ರಾಳಿಗೆ ಕೂಡಲೇ ಒಂದು ದಾರಿ ಹೊಳೆಯಿತು. ನಿಮ್ಮ ಎಲೆಯನ್ನು ಅಮ್ಮ ಇಲ್ಲಿಗೇ ತರಲಿ, ಮಿಕ್ಕಿದ್ದನ್ನು ನಾನು ತಿನ್ನುತ್ತೇನೆ, ಎಲೆ ಖಾಲಿ ಎಂದು ಹೇಳಿಬಿಡೋಣ ಎಂದಳು. ಎಷ್ಟು ಸಹಜವಾಗಿ ಹೇಳಿದಳೆಂದರೆ, ಆ ಮನೆಯಲ್ಲಿ ಎಲ್ಲರ ಮಿಕ್ಕಿದ್ದೂ ಅವಳ ತಟ್ಟೆಗೇ ಬರುತ್ತಿತ್ತೆಂದು ಗೊತ್ತಾಗುತ್ತಿತ್ತು. ಕಾವೇರಮ್ಮ ಆಗಲೇ ಬಾಗಿಲ ಕಡೆ ತಿರುಗಿದ್ದಳು.

"ನೀನು ಯಾರ ಎಲೇನೂ ಖಾಲಿ ಮಾಡ್ಬೇಡ" ಎಂದಳು ವರಲಕ್ಷ್ಮಮ್ಮ. ತರಗತಿಯ ಹಿಂದಿನ ಬೆಂಚಿಗೂ ಕೇಳುವ ಅವಳ ದನಿ ಅದು.

ಹಜಾರಕ್ಕೆ ಬಂದು ತನ್ನ ಎಲೆಯ ಮುಂದೆ ಮತ್ತೆ ಕೂತಳು. ಒಮ್ಮೆ ಎದ್ದವರು ಪಂಕ್ತಿಗೆ ಮತ್ತೆ ಕೂರುವ ಪದ್ಧತಿ ಎಲ್ಲೂ ಇಲ್ಲ. ಮುನಿಶಾಮಯ್ಯ ಕಣ್ಣಲ್ಲೇ ಏನೋ ಹೇಳಲು ನೋಡಿದ. ಅವಳು ಅವನ ಕಡೆ ತಿರುಗಲಿಲ್ಲ.

"ಅಂಕಯ್ಯನೋರೇ, ನಮಗೆ ಈ ಮನೆ ಒಪ್ಪಿಗೆ. ಎಲೇಲಿ ಮಿಕ್ಕಿದ್ದು ನೋಡಿ ತಪ್ಪು ತಿಳೀಬೇಡಿ. ಕಲ್ಲು ತೆಗ್ಸಿದ್ರು ಅಂದಿದ್ದು ಸುಳ್ಳು. ಮೈ ಇಳೀಲಿ ಅಂತ ಹೊಟ್ಟೆ ಕುಯ್ಸಿ ಸಣ್ಣ ಮಾಡಿಸ್ಕೊಂಡಿದ್ದೀನಿ. ಅದ್ರಲ್ಲಿ ಇಷ್ಟೇ ಹಿಡಿಯೋದು."

ಯಾರೂ ನಗಲಿಲ್ಲ. ಮುನಿಶಾಮಯ್ಯನ ತಲೆ ತಗ್ಗಿತು. ಅಂಕಯ್ಯ ಎಲೆ ನೋಡಿದರು, ಹೆಂಡತಿಯನ್ನು ನೋಡಿದರು, ಆಮೇಲೆ ಅವಳ ಹಿಂದೆ ನೋಡಿ ಹಾಗೇ ಉಳಿದರು. ಸುಮಿತ್ರಾ ಬಾಗಿಲು ದಾಟಿ ಗೋಡೆ ಹಿಡಿದುಕೊಂಡು ಬರುತ್ತಿದ್ದಳು. ವರಲಕ್ಷ್ಮಮ್ಮ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಏದುಸಿರು ಬಿಡುತ್ತ ಅವಳು ಕೂರುವುದಕ್ಕೆ ಸುಮಾರು ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಪಂಕ್ತಿಯವರು ಬೇರೆ ಬೇರೆ ಕಡೆ ನೋಡಿದರು.

"ಕಾವೇರಿ," ಎಂದರು ಅಂಕಯ್ಯ ಕೊನೆಗೆ. "ಮಗೀಗೆ ಒಂದು ಎಲೆ ಹಾಕು. ಬೀಗರ ಜೊತೇಲೇ ಉಣ್ಲಿ."

ಬೀಗರು ಎಂಬ ಮಾತು ಅವರ ಬಾಯಿಂದ ಬಂದ ಮೇಲೆ ಇನ್ನು ಹೇಳುವುದೇನೂ ಇರಲಿಲ್ಲ. ವರಲಕ್ಷ್ಮಮ್ಮ ಅವರೆಕಾಳಿನಷ್ಟು ಹಿಟ್ಟು ಮುರಿದು ಬಾಯಿಗಿಟ್ಟು, ಎಲ್ಲರ ಎದುರಿಗೇ ಅಗಿಯತೊಡಗಿದಳು. ಪಂಕ್ತಿ ಕಾಯುತ್ತಿತ್ತು. ಮುನಿಶಾಮಯ್ಯ ಒಣಗಿದ ಕೈಯನ್ನು ಎಲೆಯ ಮೇಲೆ ಹಿಡಿದುಕೊಂಡೇ ಕೂತಿದ್ದ, ಎಲ್ಲರ ಊಟ ಮುಗಿಯದೆ ಏಳುವ ಹಾಗಿರಲಿಲ್ಲ. ಕಾಯಲಿ ಎಂದುಕೊಂಡು ಅವಳು ಇನ್ನಷ್ಟು ನಿಧಾನವಾಗಿ ಅಗಿದಳು. ಮುದ್ದೆ ಆರಿ ಗಟ್ಟಿಯಾಗಿತ್ತು, ತುಪ್ಪ ಹೆಪ್ಪುಗಟ್ಟಿತ್ತು. ಮುಕ್ಕಾಲು ಪಾಲು ಎಲೆಯಲ್ಲೇ ಉಳಿದಿತ್ತು, ಅದನ್ನು ನೋಡಿದರೆ ಈಗಲೂ ಅವಳ ಬಾಯಲ್ಲಿ ನೀರೂರುತ್ತಿತ್ತು.