ಗೇಟಿನ ಬಳಿ ಮುರಿದ ರೊಟ್ಟಿ

ಬೇಕರಿಯ ಆಕೆ ಬೇಯಿಸಿದ ರೊಟ್ಟಿಯನ್ನು ಚರ್ಚಿನ ಸಭೆಯವರು ಪ್ರತಿ ಹೊಸ ವರ್ಷದ ದಿನ ಕರ್ತನ ಮೇಜಿನ ಮೇಲಿಟ್ಟು ಹಂಚಿಕೊಂಡು ತಿನ್ನುತ್ತಿದ್ದರು. ಆಕೆಗೆ ಒಂದು ಚೂರೂ ಕೊಡುತ್ತಿರಲಿಲ್ಲ.

ಈ ಹೊಸ ವರ್ಷದ ಬೆಳಿಗ್ಗೆಯೂ ರೊಟ್ಟಿ ಒಯ್ಯಲು ಚರ್ಚಿನ ಗಂಟೆ ಹೊಡೆಯುವವನು ಬೇಕರಿಯ ಹಿಂಬಾಗಿಲು ತಟ್ಟಿದ. ಆಗ ಆಕೆಯ ಮಗಳು ಒಳಕೋಣೆಯಲ್ಲಿ ತಾಯಿಯ ಬೆರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಉಗುರಿನ ಸಂದಿಯಲ್ಲಿ ಹಿಟ್ಟು ಒಣಗಿ ಗಟ್ಟಿಯಾಗಿತ್ತು. ನಿನ್ನೆ ಸಂಜೆ ಹಿಟ್ಟು ನಾದಿ, ಮೇಲೆ ಬಟ್ಟೆ ಮುಚ್ಚಿ, ಸ್ವಲ್ಪ ಕೂರ್ತೀನಿ ಎಂದು ಸ್ಟೂಲಿನ ಮೇಲೆ ಕೂತ ತಾಯಿ ಮತ್ತೆ ಏಳಲಿಲ್ಲ. ಉಬ್ಬಿ ಬಂದ ಹಿಟ್ಟನ್ನು ಏನು ಮಾಡುವುದೆಂದು ತಿಳಿಯದೆ ಮಗಳು ಅದನ್ನು ಭಟ್ಟಿಗಿಟ್ಟಿದ್ದಳು.

ಗಂಟೆಯವನು ಬುಟ್ಟಿ ಎತ್ತಿಕೊಂಡು ಒಳಗೆ ಇಣುಕಿದ. "ಇನ್ನೂ ಬಿಸಿ ಇದೆ," ಎಂದ.

ಅವನು ಹೋದ ಮೇಲೆ ಸೋದರಮಾವ ಮೈದಾ ಮೂಟೆಯ ಮೇಲಿಂದ ಎದ್ದು ಬಾಗಿಲು ಹಾಕಿದ. ಬೆಳಗಾಗುವ ಮೊದಲೇ ಸಭೆಯ ಹಿರಿಯರ ಮನೆಗಳಿಗೆಲ್ಲ ಸುತ್ತಿ, ಎಲ್ಲರ ಮುಂದೂ ಹಲ್ಲು ಗಿಂಜಿ ಬಂದಿದ್ದ.

"ಚರ್ಚಿನ ಸಮಾಧಿ ತೋಟದಲ್ಲಿ ಜಾಗ ಕೊಡ್ತಾರಂತೆ. ನಿಮ್ಮಪ್ಪನ ಪಕ್ಕದಲ್ಲೇ. ಅಗೆಯೋಕೂ ಹೇಳಿಯಾಗಿದೆ. ಆದ್ರೆ ಪೆಟ್ಟಿಗೆ ಇಳಿಸೋ ಮುಂಚೆ ಎಲ್ಲರ ಎದುರಿಗೆ ನೀನೊಂದು ಮಾತು ಹೇಳ್ಬೇಕು."

"ಏನು ಮಾತು?"

"ಅಮ್ಮ ಕೊನೆಗಾಲದಲ್ಲಿ ತನ್ನ ಅವಿಧೇಯತೆಗೆ ಪಶ್ಚಾತ್ತಾಪಪಟ್ಟಳು ಅಂತ. ಅಷ್ಟೇ."

"ಪಡಲಿಲ್ಲವಲ್ಲ ಮಾವ."

"ಪಟ್ಟಳೋ ಬಿಟ್ಟಳೋ, ಈಗ ಎದ್ದು ಬಂದು ಅಲ್ಲ ಅಂತಾಳಾ? ಎಲುಬಿಲ್ಲದ ನಾಲಿಗೆ ಕಣೇ, ಒಂದು ಸಲ ಹೊರಳಿಸು. ಇಲ್ಲಾಂದ್ರೆ ಊರಾಚೆ ಸ್ಮಶಾನ. ದಿಕ್ಕಿಲ್ಲದ ಹೆಣಗಳ ಜೊತೆ."

ಮಗಳು ಬಟ್ಟೆ ಹಿಂಡಿದಳು. ಅಪ್ಪ ಸಾಯುವಾಗ ಅವಳ ಕೈ ಹಿಡಿದು ಕೇಳಿದ್ದು ಒಂದೇ: ನಿಮ್ಮಮ್ಮನನ್ನ ನನ್ನ ಪಕ್ಕಕ್ಕೆ ತಂದು ಮಲಗಿಸು, ಅವಳ ಹಟ ನೋಡಿ ಬಿಟ್ಟುಬಿಡಬೇಡ. ಅವಳು ಹೂಂ ಎಂದಿದ್ದಳು. ಅಪ್ಪ ಹೆಂಡತಿಯನ್ನೂ ಕೇಳಿದ್ದ. ನನ್ನ ಪಕ್ಕ ಮಲಗೋದಕ್ಕಾದ್ರೂ ತಪ್ಪಾಯ್ತು ಅಂದುಬಿಡೇ ಎಂದಿದ್ದ. ಅದಕ್ಕೆ ಆಕೆ ಅವನ ದಿಂಬು ಸರಿಮಾಡುತ್ತ, "ಸುಳ್ಳು ಹೇಳಿದೋಳು ಪಕ್ಕದಲ್ಲಿ ಮಲಗಿದ್ರೆ ನಿಮಗೆ ನಿದ್ದೆ ಬರುತ್ತಾ?" ಎಂದು ಕೇಳಿದ್ದಳು.

"ಹೇಳ್ತೀನಿ ಬಿಡಿ ಮಾವ," ಎಂದಳು ಮಗಳು.

* * *

ಸಭೆಯ ಮುಖ್ಯ ಹಿರಿಯರು ಹತ್ತಿ ಗಿರಣಿಯ ಯಜಮಾನರು. ಮಗಳು ಚಿಕ್ಕವಳಿದ್ದಾಗ ಅವರ ಗಿರಣಿಯಲ್ಲಿ ಒಬ್ಬ ಆಳಿನ ಕೈ ಯಂತ್ರಕ್ಕೆ ಸಿಕ್ಕಿತು. ಹಲ್ಲುಚಕ್ರಗಳಿಗೆ ಮುಚ್ಚಳ ಹಾಕಿಸಿ ಎಂದು ಆಳುಗಳು ಕೇಳಿದರು. ಯಜಮಾನರು ಗೇಟಿಗೆ ಬೀಗ ಹಾಕಿಸಿದರು. ವರ್ಷದ ಕೊನೆಯ ವಾರವೆಲ್ಲ ಆಳುಗಳು ಗೇಟಿನ ಹೊರಗೆ ಚಳಿಯಲ್ಲಿ ಕೂತರು.

ಬೇಕರಿಯಿಂದ ಚರ್ಚಿಗೆ ಹೋಗುವ ದಾರಿ ಆ ಗೇಟಿನ ಮುಂದೆಯೇ. ಹೊಸ ವರ್ಷದ ಬೆಳಿಗ್ಗೆ ತಾಯಿ ಮಗಳು ರೊಟ್ಟಿಯ ಬುಟ್ಟಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಹೊರಟಿದ್ದರು. ಕೂತವರಲ್ಲಿ ಯಾರೂ ಏನೂ ಕೇಳಲಿಲ್ಲ. ಕೈಗೆ ಬಟ್ಟೆ ಸುತ್ತಿಕೊಂಡಿದ್ದ ಒಬ್ಬ ಮಾತ್ರ, ಬಿಸಿ ರೊಟ್ಟಿಯ ವಾಸನೆ ಮೂಗಿಗೆ ತಾಗುತ್ತಲೇ ಮುಖ ಆಚೆ ತಿರುಗಿಸಿಕೊಂಡ. ಅವನು ಕೈ ಚಾಚಿದ್ದರೆ ತಾಯಿ, ವಾಪಸು ಬರುವಾಗ ಕೊಡ್ತೀನಪ್ಪ ಎಂದು ದಾಟಿ ಹೋಗುತ್ತಿದ್ದಳೇನೋ. ತಿರುಗಿದ ಆ ಮುಖವನ್ನು ದಾಟಲು ಆಕೆಯಿಂದ ಆಗಲಿಲ್ಲ. ಬುಟ್ಟಿ ಇಳಿಸಿದಳು. ಮೊದಲ ರೊಟ್ಟಿಯನ್ನು ಮುರಿದು ಅವನ ಮಡಿಲಿಗೆ ಹಾಕಿದಳು, ಪಕ್ಕದವನಿಗೂ ಕೊಡು ಎಂದಳು. ಮೇಜಿನ ರೊಟ್ಟಿಯೆಲ್ಲ ಗೇಟಿನಲ್ಲೇ ಮುಗಿಯಿತು.

ಚರ್ಚಿನಲ್ಲಿ ಅಂದು ಪಾಸ್ಟರರು ವಿಧೇಯತೆಯ ಮೇಲೆ ಪ್ರಸಂಗ ಮಾಡಿದರು. ಮೇಲಿನವರ ಮಾತು ಕೇಳುವವರಿಗೆ ಹೊಸ ವರ್ಷದಲ್ಲಿ ದೇವರ ಆಶೀರ್ವಾದ ತಪ್ಪದು ಎಂದರು. ಗಿರಣಿಯ ಯಜಮಾನರು ತಲೆದೂಗಿದರು. ಆಮೇಲೆ ಮೇಜಿನ ಮೇಲಿನ ಬಿಳಿ ಬಟ್ಟೆ ಎತ್ತಿದರೆ ತಟ್ಟೆ ಖಾಲಿ. ಆಕೆ ಎಂದೂ ತಪ್ಪಿಸಿದವಳಲ್ಲವಾದ್ದರಿಂದ ಮೊದಲೇ ಯಾರೂ ಎತ್ತಿ ನೋಡಿರಲಿಲ್ಲ. ಪಾಸ್ಟರರು ತಟ್ಟೆಯ ಅಡಿಯಲ್ಲೂ ಒಮ್ಮೆ ನೋಡಿದರಂತೆ.

ಮರುದಿನ ಪಾಸ್ಟರರು, ಯಜಮಾನರು ಇಬ್ಬರೂ ಬೇಕರಿಗೆ ಬಂದರು. ಆಕೆ ಟ್ರೇಗಳ ಕರಕಲು ಕೆರೆಯುತ್ತಿದ್ದಳು.

"ನಿನ್ನೆ ನಿಮ್ಮ ಪ್ರಸಂಗ ತಪ್ಪಿಹೋಯ್ತು ಪಾಸ್ಟರೇ. ಏನು ವಿಷಯ?"

"ವಿಧೇಯತೆ."

"ಹಾಗಾದ್ರೆ ಏನೂ ತಪ್ಪಿಸಿಕೊಂಡಿಲ್ಲ ಬಿಡಿ. ಹಸಿದೋರಿಗೆ ಕೊಡು ಅಂತ ಅಪ್ಪಣೆ ಆಗಿತ್ತು. ಕೊಟ್ಟೆ."

"ಅದು ಕರ್ತನ ಮೇಜಿನ ರೊಟ್ಟಿ," ಎಂದರು ಯಜಮಾನರು.

"ನಾನೂ ಅದನ್ನೇ ಹೇಳ್ತಿರೋದು ಯಜಮಾನರೇ. ನಿಮ್ಮದಲ್ಲ."

ಎಲ್ಲರೆದುರು ತಪ್ಪೊಪ್ಪಿಕೊಳ್ಳುವವರೆಗೆ ಆಕೆಗೆ ಕರ್ತನ ಭೋಜನದಲ್ಲಿ, ಆ ಮೇಜಿನ ರೊಟ್ಟಿಯಲ್ಲಿ, ಪಾಲಿಲ್ಲ ಎಂದು ತೀರ್ಮಾನವಾಯಿತು. ರೊಟ್ಟಿ ಬೇಯಿಸುವುದರಿಂದ ಬಿಡುಗಡೆ ಮಾಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಆ ಊರಿನಲ್ಲಿ ಬೇರೆ ಭಟ್ಟಿ ಇರಲಿಲ್ಲ.

* * *

ಆರಾಧನೆ ಮುಗಿಸಿ ಜನ ಹೊಸ ಬಟ್ಟೆಯಲ್ಲೇ ಸಾವಿನ ಮನೆಗೆ ಬಂದರು. ಹೊಸ ವರ್ಷದ ಶುಭಾಶಯ ಎನ್ನುವುದೋ ಸಮಾಧಾನ ಹೇಳುವುದೋ ತಿಳಿಯದೆ ಬಾಗಿಲಲ್ಲಿ ಬರಿದೆ ತಲೆಯಾಡಿಸಿದರು. ಈ ವರ್ಷವೂ ಪ್ರಸಂಗ ವಿಧೇಯತೆಯ ಮೇಲೇ ಆಯಿತೆಂದು ಅವರ ಮಾತಿನಿಂದ ಗೊತ್ತಾಯಿತು. ಈಗಿನ ಪಾಸ್ಟರ್ ಎಳೆಯ, ಒಳ್ಳೆಯವನು. ಹಿರಿಯರು ನನ್ನ ಕೈ ಕಟ್ಟಿಹಾಕಿದಾರೆ ಎಂದು ಸೋದರಮಾವನ ಹತ್ತಿರ ಹೇಳಿಕೊಂಡಿದ್ದನಂತೆ.

ಪಕ್ಕದ ಮನೆಯ ಅಜ್ಜಿ ಶವದ ಬಳಿ ಕೂತು ಯಾರಿಗೆಂದಿಲ್ಲದೆ ಮಾತಾಡುತ್ತಿದ್ದಳು. "ಎಲ್ಲಾ ವರ್ಷಾನೂ ಚರ್ಚಲ್ಲಿ ಇವಳದ್ದು ಅದೇ ಬೆಂಚು. ನಾವು ಮೇಜಿಗೆ ಹೋಗೋವಾಗ ಮಂಡಿ ಓರೆ ಮಾಡಿ ದಾರಿ ಬಿಡೋಳು. ಒಂದು ಸಲ ನಾನು ಅವಳ ಕಾಲು ತುಳಿದೆ. ನಿಧಾನ ಅಕ್ಕ, ಬೀಳ್ತೀರಾ, ಅಂದ್ಲು."

ಅಲ್ಲಿ ಕೂತವರೆಲ್ಲ ಆ ಮಂಡಿಗಳನ್ನು ದಾಟಿ ಹೋದವರೇ.

ಹೊರಗೆ ಗಿರಣಿಯ ಹಳೆಯ ಆಳುಗಳು ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ಮುಂದಿದ್ದವನು ಊರವರು ಮೂರುಬೆರಳು ಎಂದು ಕರೆಯುವವನು. ಅಂದು ಗೇಟಿನಲ್ಲಿ ಮುಖ ತಿರುಗಿಸಿದವನು ಅವನೇ. ಯಂತ್ರ ಬಿಟ್ಟುಕೊಟ್ಟಷ್ಟು ಬೆರಳುಗಳಿಂದಲೇ ಹೆಸರಾದವನು. ಪೆಟ್ಟಿಗೆ ಹೊರಲು ಸಭೆಯ ಗಂಡಸರು ಯಾರೂ ಮುಂದೆ ಬಂದಿರಲಿಲ್ಲ.

"ನಾವು ಹೊರ್ತೀವಿ ಮಗಳೇ," ಎಂದ. "ಅಲ್ಲಿಗೆ ನಮ್ಮನ್ನ ಬಿಡ್ತಾರೆ ತಾನೇ? ಅಥವಾ ಅಲ್ಲೂ ಒಂದು ಗೇಟು ಇಟ್ಟಿದಾರಾ?"

ಅವಳಿಗೆ ನಗು ಬಂತು, ಹಿಂದೆಯೇ ಅಳು ಬಂತು. ಹೇಳಬೇಕಾದ ಮಾತನ್ನು ಅವನಿಗೂ ತಿಳಿಸಿದಳು. ಅವನು ಹೆಗಲ ಬಟ್ಟೆ ತೆಗೆದು ಮುಖ ಒರೆಸಿಕೊಂಡ.

"ಹೇಳಮ್ಮ. ನಿನ್ನ ಕಷ್ಟ ನಿನಗೆ. ಆದ್ರೆ ಅದು ತಪ್ಪು ಅಂತಾದ್ರೆ, ನಾವು ತಿಂದಿದ್ದೇನು?"

* * *

ಹಿಂದಿನ ಸಂಜೆ ತಾಯಿಗೆ ಏದುಸಿರು. ನಾದುತ್ತ ನಾದುತ್ತ ನಿಂತು, ಹಲಗೆಯ ಅಂಚು ಹಿಡಿದುಕೊಳ್ಳುತ್ತಿದ್ದಳು. ಮಗಳಿಗೆ ಸಿಟ್ಟು ಬಂದಿತ್ತು.

"ಸಾಕು ಬಿಡಮ್ಮ. ಪೇಟೆಯಿಂದ ತರಿಸಿ ತಿನ್ನಲಿ. ನಿನ್ನ ಬಾಯಿಗೆ ಒಂದು ಚೂರು ಹಾಕದೋರಿಗೆ ನೀನ್ಯಾಕೆ ಜೀವ ತೇಯ್ತೀಯ?"

"ಕೊಡದೇ ಇರೋದು ಅವರ ಪಾಡು. ನಾದೋದು ನನ್ನ ಪಾಲಿಗೆ ಬಂದದ್ದು. ಅವರು ಮಾಡಿದ್ದು ನೋಡ್ಕೊಂಡು ನಾನು ಮಾಡೋದಾದ್ರೆ ನಾನು ಅವರ ಮಾತು ಕೇಳಿದ ಹಾಗಾಯ್ತು, ದೇವರ ಮಾತಲ್ಲ."

"ಕೇಳಿ ಏನು ಸಿಕ್ತು? ಹೊಸ ವರ್ಷ ಆಶೀರ್ವಾದ ಅಂತ ಎಲ್ಲಾರೂ ಬಡ್ಕೋತಾರಲ್ಲ, ನಿನಗೆ ಯಾವುದು ಬಂತು?"

ತಾಯಿ ಹಿಟ್ಟನ್ನು ಮಗುಚಿ ಹಾಕಿದಳು. ಯೋಚಿಸಿದಳು. ಕೇಳಿದ್ದಕ್ಕೆ ಉತ್ತರ ಹುಡುಕುವ ಮುಖವಾಗಿತ್ತದು, ಬುದ್ಧಿ ಹೇಳುವ ಮುಖವಲ್ಲ.

"ಅವತ್ತು ಬುಟ್ಟಿ ಇಳಿಸಿದೆ ನೋಡು, ಆಗ ನನಗೆ ಹೆದರಿಕೆ ಆಗ್ಲಿಲ್ಲ ಕಣೇ. ನಾನು ಪುಕ್ಕಲಿ. ನಿಮ್ಮಪ್ಪ ಕೆಮ್ಮಿದ್ರೂ ಬೆಚ್ಚಿಬೀಳೋಳು. ಅವತ್ತು ಆಗ್ಲಿಲ್ಲ. ಆಮೇಲೂ ಆಗ್ಲಿಲ್ಲ. ಪ್ರತಿ ವರ್ಷ ಅದನ್ನೇ ಕೇಳ್ಕೋತೀನಿ, ಪ್ರತಿ ವರ್ಷ ಕೊಟ್ಟಿದಾನೆ." ಬಟ್ಟೆ ಮುಚ್ಚಿದಳು. "ಸ್ವಲ್ಪ ಕೂರ್ತೀನಿ."

* * *

ಸಮಾಧಿಯ ಮಣ್ಣು ಎರಡೂ ಕಡೆ ರಾಶಿಯಾಗಿತ್ತು. ಬಲಕ್ಕೆ ಅಪ್ಪನ ಶಿಲುಬೆ. ಪೆಟ್ಟಿಗೆಯನ್ನು ಗುಂಡಿಯ ಅಂಚಿನಲ್ಲಿಟ್ಟು, ಹಗ್ಗ ಹಿಡಿದು ಆಳುಗಳು ನಿಂತರು. ಎದುರು ಬದಿಯಲ್ಲಿ ಗಿರಣಿಯ ಯಜಮಾನರು, ಈಗ ಹಣ್ಣು ಮುದುಕ, ಕೋಲಿನ ಮೇಲೆ ಎರಡೂ ಕೈ ಊರಿ ಕುರ್ಚಿಯಲ್ಲಿ ಕೂತಿದ್ದರು. ಪಾಸ್ಟರ್ ಪ್ರಾರ್ಥನೆ ಮುಗಿಸಿ, ಆಮೆನ್ ಎಂದು, ತಲೆ ಎತ್ತದೆ ನಿಂತ.

"ಹೇಳಮ್ಮ," ಎಂದರು ಯಜಮಾನರು.

ಸೋದರಮಾವ ಹಿಂದಿನಿಂದ ಅವಳ ಮೊಣಕೈ ತಿವಿದ. ಅವಳು ಒಂದು ಹೆಜ್ಜೆ ಮುಂದೆ ಬಂದಳು. ಅಪ್ಪನ ಶಿಲುಬೆಯ ಕಡೆ ನೋಡಿದಳು. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

"ನಮ್ಮಮ್ಮ ಕೊನೆಗಾಲದಲ್ಲಿ," ಎಂದಳು. ಎಲ್ಲರೂ ಕಾದರು. "ಕೊನೆಗಾಲದಲ್ಲಿ ಹಿಟ್ಟು ನಾದ್ತಾ ಇದ್ಲು. ನೀವು ಬೆಳಿಗ್ಗೆ ತಿಂದಿರಲ್ಲ, ಅದನ್ನ."

"ಅದಲ್ಲ ಕೇಳಿದ್ದು."

"ನೀವು ಕೇಳಿದ್ದನ್ನ ಅವಳು ಹೇಳಲಿಲ್ಲ ಯಜಮಾನರೇ. ನಾನೂ ಹೇಳಲ್ಲ."

ಸೋದರಮಾವ ಹಣೆ ಚಚ್ಚಿಕೊಂಡ. ಯಜಮಾನರು ಅವಸರ ಮಾಡಲಿಲ್ಲ. ಜೀವಮಾನವಿಡೀ ಅಪ್ಪಣೆ ಕೊಟ್ಟವರಿಗೆ ಅದರ ಅಗತ್ಯ ಬೀಳುವುದಿಲ್ಲ. ಪೆಟ್ಟಿಗೆ ಎತ್ತಿ, ಹೊರಗೆ ಒಯ್ಯಿರಿ ಎಂದರು. ಗುಂಡಿ ತೋಡಿದವನಿಗೆ, ಮುಚ್ಚು ಎಂದರು. ಅವನು ಗುದ್ದಲಿ ಎತ್ತಿಕೊಂಡು ಪಾಸ್ಟರನ ಮುಖ ನೋಡಿದ. ಪಾಸ್ಟರ್ ಕೈಯಲ್ಲಿದ್ದ ಪುಸ್ತಕ ನೋಡಿದ.

ಮಗಳು ಚಪ್ಪಲಿ ಬಿಟ್ಟಳು. ಮಣ್ಣಿನ ಅಂಚಿಗೆ ಕೂತು, ಎರಡೂ ಅಂಗೈ ಊರಿ, ಗುಂಡಿಯೊಳಗೆ ಇಳಿದಳು. ಮೇಲಿನವರಿಗೆ ಅವಳ ತಲೆಗೂದಲು ಮತ್ತು ಭುಜ ಮಾತ್ರ ಕಾಣುತ್ತಿದ್ದವು. ಅವಳಿಗೆ ಸುತ್ತಲೂ ಅವರ ಹೊಸ ಬೂಟುಗಳು ಕಂಡವು.

"ಏನಿದು, ಮೇಲೆ ಬಾ," ಎಂದರು ಯಜಮಾನರು.

"ಬರಲ್ಲ," ಎಂದು ಅವಳು ಮೂರುಬೆರಳಿನ ಕಡೆ ತಿರುಗಿ ಎರಡೂ ಕೈ ಮೇಲೆತ್ತಿದಳು. "ಇಳಿಸಿ ಅಣ್ಣಾ. ಕಾಲಿನ ಕಡೆ ನಾನು ಹಿಡ್ಕೋತೀನಿ."