ಬಾಲದ ಮೇಲೆ ಕಪ್ಪು ಚುಕ್ಕೆ

ಮನೆಗಳ ಹಿತ್ತಿಲಲ್ಲಿ ಮೀನಿನ ಕೊಳ ಕಟ್ಟಿಕೊಡುವುದು ಅಳಿಯನ ಕಸುಬು. ಕೈಕೆಲಸ ಚೆನ್ನಾಗಿತ್ತು, ಬಾಯಿ ಮಾತ್ರ ಅದಕ್ಕಿಂತ ಒಂದು ಗೇಣು ಉದ್ದ. ಹೊಸ ಗಿರಾಕಿ ಸಿಕ್ಕರೆ ಸೀದಾ ಮಾವನ ಮನೆಗೆ ಕರೆತಂದು, ತಾನೇ ಕಟ್ಟಿದ ಕೊಳದ ಮುಂದೆ ನಿಲ್ಲಿಸಿಬಿಡುತ್ತಿದ್ದ.

ಆ ಭಾನುವಾರ ಬಂದವರು ಒಬ್ಬ ಹಲ್ಲಿನ ಡಾಕ್ಟರು. ಎಲ್ಲವನ್ನೂ ಬಗ್ಗಿ ನೋಡುವ ಅಭ್ಯಾಸ.

“ಮೀನಿನ ಹೊಲಸು ನೀರನ್ನ ಪಂಪು ಮೇಲಿನ ಜಲ್ಲಿ ತೊಟ್ಟಿಗೆ ಏರಿಸುತ್ತೆ ಸರ್. ಜಲ್ಲೀಲಿ ಕಣ್ಣಿಗೆ ಕಾಣದ ಜೀವಿಗಳಿದಾವೆ, ಅವು ಅದನ್ನ ಗೊಬ್ಬರ ಮಾಡ್ತವೆ. ತೊಟ್ಟೀಲಿ ಬೆಳೆಯೋ ಸೊಪ್ಪು ಅದನ್ನ ಹೀರ್ಕೊಳ್ಳುತ್ತೆ, ತಿಳಿನೀರು ವಾಪಸ್ ಕೊಳಕ್ಕೆ. ನೀವು ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತಿರಿ, ಅಷ್ಟೇ. ಬಾಲದ ಮೇಲೆ ಕಪ್ಪು ಚುಕ್ಕೆ ಇರೋ ಒಂದು ಮೀನಿದೆ, ಮೊದಲ ದಿನದಿಂದ ಹಾಯಾಗಿದೆ.”

“ಎಲ್ಲಿ?” ಡಾಕ್ಟರು ಬಗ್ಗಿದರು.

“ಇಲ್ಲೇ... ಎಲೆ ಕೆಳಗೆ ಇರಬೇಕು. ಬೇಕಾದ್ರೆ ನಮ್ಮ ಮಾವನ್ನೇ ಕೇಳಿ.”

ಮಾವ ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವರು. ಗಡಿಯಾರ ಸುಳ್ಳು ಹೇಳಿದರೂ ಅವರು ಹೇಳುವವರಲ್ಲ ಎಂದು ಬೀದಿಯೇ ನಂಬಿತ್ತು. “ಹೌದು. ನಾನೇನೂ ಮಾಡೋದಿಲ್ಲ” ಎಂದು ನೆಲ ನೋಡಿದರು.

ಅಷ್ಟರಲ್ಲಿ ಮೀನಿನ ಅಂಗಡಿಯವನು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದು ಹಿತ್ತಿಲಿಗೇ ನುಗ್ಗಿದ. “ಯಜಮಾನ್ರೇ, ಹೋದ ಸಲದ ಥರದ್ದೇ ಹುಡುಕಿ ತಂದಿದೀನಿ, ಬಾಲದ ಮೇಲೆ ಚುಕ್ಕೆ ಇರೋದು!”

ಮಾವನೇ ಮುಂದೆ ಬಂದರು. “ಅದು ಪಕ್ಕದ ಮನೆಯವರದಪ್ಪ. ಇಲ್ಲಿಗ್ಯಾಕೆ ತಂದೆ? ಇಡು, ನಾನೇ ಕೊಡ್ತೀನಿ.”

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. “ಹಿರಿಯರು ಹೇಳಿದ ಮೇಲೆ ನಂಬದೆ ಇರೋಕಾಗುತ್ತಾ? ನಮ್ಮನೇಲೂ ಕಟ್ಟಿಬಿಡಿ” ಎಂದು ಹೊರಟರು. ಮೀನಿನವನೂ ಹೋದ. ಭೂಮಿ ಬಾಯಿ ಬಿಟ್ಟಿದ್ದರೆ ಅಳಿಯ ಇಳಿದುಬಿಡುತ್ತಿದ್ದ.

“ಎಷ್ಟು ದಿನದಿಂದ ಮಾವ?”

“ಮೊದಲ್ನೇ ಬೇಸಿಗೆಯಿಂದ. ನೀನು ಜನರನ್ನ ಕರ್ಕೊಂಡು ಬರ್ತೀಯ, ನೀರು ತಿಳಿಯಾಗಿ ಕಾಣ್ಲಿ ಅಂತ ಪ್ರತಿ ಶನಿವಾರ ಅರ್ಧ ಕೊಳ ಚೆಲ್ಲಿ ನಲ್ಲಿ ನೀರು ತುಂಬ್ತೀನಿ. ಆದ್ರೂ ಸಾಯ್ತಾವೆ, ಹಾಳಾದವು.”

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಜಲ್ಲಿಯ ಜೀವಿಗಳಿಗೂ ಮೀನಿಗೂ ಅದು ವಿಷ. ಕೊಳ ಕಟ್ಟುವವನು ಮೊದಲು ಹೇಳಬೇಕಾದ ಮಾತೇ ಅದು. ಆದರೆ ‘ಏನೂ ಮಾಡಬೇಕಿಲ್ಲ’ ಎಂದು ಕೊಚ್ಚಿಕೊಂಡವನು, ಏನು ಮಾಡಬಾರದು ಎಂದು ಯಾವ ಬಾಯಲ್ಲಿ ಹೇಳಿಯಾನು? ಮಾತು ಮನೆ ಕೆಡಿಸಿತು ಎನ್ನುತ್ತಾರೆ, ಇಲ್ಲಿ ಕೊಳವನ್ನೂ ಕೆಡಿಸಿತ್ತು.

“ನಂಗೆ ಒಂದು ಮಾತು ಹೇಳಬಾರದಿತ್ತಾ?”

“ನೀನು ಏನೂ ಮಾಡೋದೇ ಬೇಡ ಅಂದಿದ್ದೆ. ನಾನು ಅದನ್ನೂ ಕೆಡಿಸ್ದೆ ಅಂತ ಹೇಳೋಕೆ ನಾಚಿಕೆ ಆಯ್ತು ಕಣೋ.” ಮಾವ ಚೀಲ ಎತ್ತಿ ಬೆಳಕಿಗೆ ಹಿಡಿದರು. ಚೀಲದಿಂದ ತೊಟ್ಟಿಕ್ಕಿದ ನೀರಿಗೆ ಅಂಗಿಯ ತೋಳು ಮೊಣಕೈವರೆಗೆ ಒದ್ದೆಯಾಗಿ ಅಂಟಿಕೊಂಡಿತು. “ಹೋಗ್ಲಿ ಬಿಡು, ಕೆಲಸ ಸಿಕ್ತಲ್ಲ. ಚೆನ್ನಾಗಿ ಹೇಳಿದ್ನಾ ನಾನು?”

ಅಳಿಯನಿಗೆ ಆ ಮುಖ ನೋಡಲಾಗಲಿಲ್ಲ. ಹೊರಗೆ ಡಾಕ್ಟರರ ಕಾರು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಚಪ್ಪಲಿಯನ್ನೂ ಮೆಟ್ಟದೆ ಗೇಟಿಗೆ ಓಡಿದ.

“ಸರ್, ಒಂದ್ನಿಮಿಷ! ಆ ಚೀಲದ ಮೀನು ನಮ್ಮನೇದೇ. ನಮ್ಮ ಮಾವ ಸುಳ್ಳು ಹೇಳೋರಲ್ಲ, ನಾನು ಹೇಳಿಸಿದ್ದು.”