ವೆಬ್‌ಸೈಟಿನ ಹೆಸರು ಯಾರ ಹೆಸರಿನಲ್ಲಿದೆ?

ಭಾಲ್ಕಿ ಕಡೆಯ ಸಂಗಮ್ಮ ಮದುವೆಯಾಗಿ ಛತ್ರಪತಿ ಸಂಭಾಜಿನಗರಕ್ಕೆ ಬಂದವರು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಚಕ್ಕುಲಿ ಮನೆಯಲ್ಲೇ ಮಾಡಿ ಮಾರುತ್ತಾರೆ. ಮೊದಲು ಓಣಿಯವರು ಕೊಂಡರು. ಆಮೇಲೆ ಪೈಠಣ ಊರಿನವರೂ ಕೇಳತೊಡಗಿದರು. ದೂರದವರಿಗೆ ಅನುಕೂಲವಾಗಲಿ ಎಂದು ಪಕ್ಕದ ಓಣಿಯ ರೋಷನ್‌ನಿಂದ ವೆಬ್‌ಸೈಟ್ ಮಾಡಿಸಿದರು. ‘ಸಂಗಮ್ಮ ಫರಾಳ’ ಎಂದು ಅದರ ಹೆಸರು; ಫರಾಳ ಅಂದರೆ ಮರಾಠಿಯಲ್ಲಿ ತಿಂಡಿ ತಿನಿಸು.

ಆಗ ಎದುರು ಮನೆಯಲ್ಲಿ ಧಾರವಾಡದ ಅನುರಾಧಾ ಇದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಬ್ಯಾಂಕಿನಲ್ಲಿದ್ದ ಗಂಡನಿಗೆ ನಾಸಿಕ್‌ಗೆ ವರ್ಗವಾಯಿತು. ಹೊರಡುವ ಮುಂಚೆ ಚಹಾಕ್ಕೆ ಬಂದವರು ಕೇಳಿದರು.

"ವೈನಿ, ವೆಬ್‌ಸೈಟಿನ ಹೆಸರು ಯಾರ ಹೆಸರಿನಾಗ ಅದ?"

"ನಂದೇ ಹೆಸರಲ್ರಿ, ಸಂಗಮ್ಮ ಫರಾಳ."

"ಹಂಗಲ್ಲರಿ. ಆ ವಿಳಾಸಕ್ಕ ಡೊಮೇನ್ ಅಂತಾರ. ಅಂಗಡಿ ಬಾಡಿಗಿ ಇದ್ದಂಗ, ಅವಧಿ ಮುಗಿಯೂದ್ರಾಗ ರಿನ್ಯೂ ಮಾಡಿಸಬೇಕು. ಯಾರ ಹೆಸರು, ಯಾರ ಇಮೇಲ್ ಕೊಟ್ಟಿರ್ತಾರೋ ಅದು ಅವರ ಕೈಯಾಗ ಇರ್ತದ. ರೋಷನ್ ತನ್ನ ಹೆಸರಿಗೆ ತಗೊಂಡಿದ್ರ ಈಗೇ ನಿಮ್ಮ ಹೆಸರಿಗೆ ಮಾಡಿಸ್ಕೋರಿ."

ಸಂಗಮ್ಮನ ಗಂಡ ಮನ್ಮಥಪ್ಪ ಬೇಡ ಎಂದರು. "ಹುಡುಗ ಛಲೋ ಅದಾನ್ರಿ. ಹಿಂಗ ಕೇಳಿದ್ರ ಮನಸ್ಸಿಗೆ ಹಚ್ಕೋತಾನ."

ಸಂಗಮ್ಮನಿಗೂ ಸಂಕೋಚವಾಯಿತು. ಮುಂದೆಂದಾದರೂ ಕೇಳಿದರಾಯಿತು ಎಂದುಕೊಂಡರು. ಕೇಳಲೇ ಇಲ್ಲ.

ರೋಷನ್ ನಿಜಕ್ಕೂ ಒಳ್ಳೆಯವನೇ. ಪುಣೆಯಲ್ಲಿ ಕೆಲಸ ಸಿಕ್ಕಿ ಹೋದ, ಹಳೆಯ ಇಮೇಲ್ ನೋಡುವುದನ್ನು ಬಿಟ್ಟ. ಡೊಮೇನ್ ರಿನ್ಯೂ ಮಾಡಿಸಿ ಎಂಬ ಸೂಚನೆಗಳೆಲ್ಲ ಆ ಇಮೇಲಿಗೇ ಬಂದವು. ಅವಧಿ ಮುಗಿದು ವೆಬ್‌ಸೈಟ್ ನಿಂತಿತು. ದೀಪಾವಳಿ ಕೆಲಸದ ಗಡಿಬಿಡಿಯಲ್ಲಿ ಸಂಗಮ್ಮ ಗಮನಿಸಲಿಲ್ಲ. ಯಾರೋ ವಂಚಕರು ಅದೇ ಹೆಸರನ್ನು ಕೊಂಡರು. ಸಂಗಮ್ಮನ ಹೋಳಿಗೆಯ ಫೋಟೋಗಳನ್ನೇ ಹಾಕಿ, ಕೆಳಗೆ ತಮ್ಮ ಫೋನ್ ನಂಬರ್ ಕೊಟ್ಟರು.

ಪೈಠಣದ ಗುಂಡವ್ವ ಹಳೆಯ ಗಿರಾಕಿ. ಬಸುರಿ ಮೊಮ್ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹೋಳಿಗೆ ಬೇಕೆಂದು ಆ ವೆಬ್‌ಸೈಟಿನಲ್ಲೇ ಹಣ ಕಟ್ಟಿಸಿದರು. ಹೋಳಿಗೆ ಬರಲಿಲ್ಲ. ಬೀಗರು ಊಟಕ್ಕೆ ಕೂತಾಗ ಬರೀ ಅನ್ನ ಸಾರು ಬಡಿಸಬೇಕಾಯಿತು.

ಕೆಲವು ದಿನಗಳ ಮೇಲೆ ಗುಂಡವ್ವ ಸಂಗಮ್ಮನ ಮನೆಗೇ ಬಂದರು.

"ಕೊಡಾಕ ಆಗೂದಿಲ್ಲಂತ ಒಂದು ಮಾತು ಹೇಳಿದ್ರ ನಾವೇ ಮಾಡ್ಕೋತಿದ್ವಲ್ಲವ್ವ."

ಅವರು ಫೋನಿನಲ್ಲಿ ತೋರಿಸಿದ ವೆಬ್‌ಸೈಟಿನ ಕೆಳಗಿದ್ದ ನಂಬರನ್ನು ಸಂಗಮ್ಮ ಎರಡೆರಡು ಸಲ ಓದಿದರು. "ಇದು ನಂದಲ್ಲರಿ, ಅವ್ವ."

"ಹೆಸರು ನಿಂದೇ ಅದಲ್ಲ. ಆ ಹೆಸರು ನಂಬಿಯೇ ರೊಕ್ಕಾ ಕೊಟ್ಟೆ."

ಸಂಗಮ್ಮ ಬೇಗ ಬೇಗ ಹೋಳಿಗೆ ಕಟ್ಟಿಕೊಟ್ಟರು. ಗುಂಡವ್ವ ತೆಗೆದುಕೊಳ್ಳಲಿಲ್ಲ. ನೀರು ಕುಡಿದು ಎದ್ದು ಹೋದರು.

ಅಂದೇ ಗಂಡ ಹೆಂಡತಿ ನಾಸಿಕ್‌ಗೆ, ಅನುರಾಧಾ ಅವರಿಗೆ ಫೋನ್ ಮಾಡಿದರು. ಮೊದಲು ಮಾತಾಡಿದವರು ಮನ್ಮಥಪ್ಪ; ಆದದ್ದನ್ನೆಲ್ಲ ಹೇಳಿದರು. "ಅನುರಾಧಾಬಾಯಿ, ಅವತ್ತು ನೀವು ಹೇಳಿದಾಗ ನಾನೇ ತಡದೆ. ತಪ್ಪಾತು."

"ನಾನೂ ಇಲ್ಲಿಂದ ಒಂದ್ಸಲ ಫೋನ್ ಮಾಡಿ ಕೇಳಬೇಕಿತ್ತು, ಅಣ್ಣಾರೆ," ಅಂದರು ಅನುರಾಧಾ. "ಗುಂಡವ್ವನವರ ಕಡೆಯಿಂದ ೧೯೩೦ಕ್ಕ ಫೋನ್ ಮಾಡಿ ದೂರು ಕೊಡಿಸ್ರಿ. ಅದು ಸೈಬರ್ ವಂಚನೆಯ ಸಹಾಯವಾಣಿ. ನೀವೂ ಪೊಲೀಸರಿಗೆ ಹೇಳ್ರಿ. ಎಲ್ಲ ಗಿರಾಕಿಗಳಿಗೂ ಈಗೇ ತಿಳಿಸ್ರಿ."

"ಹಳೇ ಹೆಸರು ತಿರುಗಿ ಸಿಗ್ತದೇನ್ರಿ?" ಸಂಗಮ್ಮ ಕೇಳಿದರು.

"ಕೇಳಿ ನೋಡೋಣ, ವೈನಿ. ಭರವಸೆ ಕೊಡಲಾರೆ."

ಸಿಗಲಿಲ್ಲ. ಸುದ್ದಿ ತಿಳಿದು ರೋಷನ್ ಪುಣೆಯಿಂದ ಬಂದು ತಲೆ ತಗ್ಗಿಸಿ ಕೂತ. ಅವನನ್ನು ಬಯ್ಯಲು ಯಾರಿಗೂ ಮನಸ್ಸಾಗಲಿಲ್ಲ. ಬೇರೊಂದು ಹೆಸರನ್ನು ಈ ಸಲ ಸಂಗಮ್ಮನೇ ತಮ್ಮ ಇಮೇಲ್, ತಮ್ಮ ಫೋನ್ ಕೊಟ್ಟು ಕೊಂಡರು. ಪಾಸ್‌ವರ್ಡ್ ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ರಿನ್ಯೂ ಮಾಡಿಸುವ ತಾರೀಖನ್ನು ಮನ್ಮಥಪ್ಪನೇ ನೆನಪಿಟ್ಟು ನೋಡುತ್ತಾರೆ. ವ್ಯಾಪಾರ ಮೆಲ್ಲಗೆ ಕುದುರಿದೆ. ಗುಂಡವ್ವನ ಮನೆಯಿಂದ ಮಾತ್ರ ಮತ್ತೆ ಆರ್ಡರ್ ಬಂದಿಲ್ಲ.

ಅಕ್ಕ, ಅಣ್ಣ, ನಿಮ್ಮದೂ ಒಂದು ವೆಬ್‌ಸೈಟ್ ಇದ್ದರೆ, ಮಾಡಿಕೊಟ್ಟವರನ್ನು ಇವತ್ತೇ ಕೇಳಿ: ಡೊಮೇನ್ ಯಾರ ಹೆಸರಿನಲ್ಲಿದೆ, ಅವಧಿ ಎಂದು ಮುಗಿಯುತ್ತದೆ? ಅವರು ಎಷ್ಟೇ ಒಳ್ಳೆಯವರಿರಲಿ, ಕೇಳಿ. ಒಳ್ಳೆಯವರು ಬೇಸರ ಮಾಡಿಕೊಳ್ಳುವುದಿಲ್ಲ.